ಅಕ್ಕನ ಬೀರುವಿನ ಕನ್ನಡಿ

ಹಲಸೂರಿನಲ್ಲಿ ನನ್ನದೊಂದು ಗಾಜಿನ ಅಂಗಡಿಯಿದೆ. ಅಪ್ಪ ಶುರು ಮಾಡಿದ್ದು. ದೇವರ ಪಟಕ್ಕೆ ಕಟ್ಟು ಹಾಕುವುದು, ಕಿಟಕಿಗೆ ಗಾಜು ಕೊಯ್ದು ಕೂರಿಸುವುದು, ಬೀರುವಿಗೆ, ಬಚ್ಚಲಿಗೆ ಕನ್ನಡಿ ಹಾಕುವುದು ನಮ್ಮ ಕೆಲಸ. ಯಾರಾದರೂ ಚಿತ್ರ ಬರೆದು ತಂದರೆ ಅದಕ್ಕೊಂದು ಫ್ರೇಮು ಹಾಕಿ ಕೊಡುತ್ತಿದ್ದೆ. ಕಲೆಗೂ ನನಗೂ ಇದ್ದ ಸಂಬಂಧ ಅಷ್ಟೇ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬಳು ಹುಡುಗಿ ಅಂಗಡಿಗೆ ಬಂದಳು. ಹುಡುಗಿ ಎಂದರೆ ಮೂವತ್ತು ದಾಟಿರಬೇಕು. ಬೆನ್ಸನ್ ಟೌನ್‌ನವಳು, ಮನೆಮಾತು ತಮಿಳು. ಅವಳ ಕನ್ನಡ ಅಲ್ಲಲ್ಲಿ ಎಡವುತ್ತಿತ್ತು, ಆದರೆ ಮಾತಾಡಲು ಅವಳಿಗೆ ಸಂಕೋಚವಿರಲಿಲ್ಲ.

"ಅಂಕಲ್, ಹನ್ನೊಂದು ಕನ್ನಡಿ ಇದೆ, ಎಲ್ಲಾ ಹಳೇದು. ಗೋಡೆಗೆ ಫಿಕ್ಸ್ ಮಾಡ್ಕೊಡ್ಬೇಕು. ಒಂದೇ ಕಂಡಿಷನ್, ಕ್ಲೀನ್ ಮಾಡ್ಬಾರ್ದು."

"ಕ್ಲೀನ್ ಮಾಡದೆ ಹೆಂಗಮ್ಮಾ ಹಾಕೋದು? ಮುಖ ಕಾಣ್ಬೇಡ್ವಾ?"

"ಅದೇ ಅಂಕಲ್ ನಂದು ವರ್ಕು. ಇನ್‌ಸ್ಟಲೇಶನ್."

ನನಗೆ ಗೊತ್ತಿದ್ದ ಇನ್‌ಸ್ಟಲೇಶನ್ ಎಂದರೆ ಎ.ಸಿ., ಗೀಜರ್ ಕೂರಿಸುವುದು. ಹಾಗೆಂದು ಹೇಳಿದಾಗ ಅವಳು ನಕ್ಕಳು. "ಅದೇ ತರಾನೇ ಅಂದ್ಕೊಳ್ಳಿ. ನಾನು ಒಂದು ರೂಮನ್ನ ಕೂರಿಸ್ತೀನಿ," ಎಂದಳು.

ಬೆನ್ಸನ್ ಟೌನ್‌ನಲ್ಲಿ ಅವಳ ಸ್ನೇಹಿತರ ಮನೆಯವರದೊಂದು ಹಳೇ ಬಂಗಲೆ. ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದೆಂದು ಆಗಲೇ ತೀರ್ಮಾನವಾಗಿತ್ತು. ಅದಕ್ಕೆ ಮುಂಚೆ ಒಂದು ತಿಂಗಳ ಮಟ್ಟಿಗೆ ಒಳಗಿನ ದೊಡ್ಡ ಕೋಣೆಯನ್ನು ಇವಳಿಗೆ ಬಿಟ್ಟುಕೊಟ್ಟಿದ್ದರು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿದ್ದಳು. ಕನ್ನಡಿಗಳು ಗೋಡೆಗೆ ಒರಗಿ ನಿಂತಿದ್ದವು. ಎಲ್ಲವೂ ಕಬ್ಬಿಣದ ಬೀರುಗಳ ಬಾಗಿಲಿನಿಂದ ಬಿಚ್ಚಿ ತೆಗೆದ ಉದ್ದುದ್ದ ಕನ್ನಡಿಗಳು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಹುಡುಕಿ ಒಂದೊಂದಾಗಿ ಕೊಂಡು ಮನೆಯಲ್ಲಿ ಇಟ್ಟುಕೊಂಡಿದ್ದಳಂತೆ. ಒಂದರ ಮೇಲೂ ಒರೆಸಿದ ಗುರುತಿರಲಿಲ್ಲ, ಎಲ್ಲದರ ಮೇಲೂ ಹೆಂಗಸರು ಅಂಟಿಸಿ ಬಿಟ್ಟಿದ್ದ ಹಣೆಯ ಬೊಟ್ಟುಗಳಿದ್ದವು. ಕೆಂಪು, ಮೆರೂನು, ಹಸಿರು, ಹಾವಿನಾಕಾರದವು, ಹರಳು ಉದುರಿದವು. ಕೆಲವು ಕಡೆ ಬೊಟ್ಟು ಬಿದ್ದುಹೋಗಿ ಅಂಟಿನ ಬಿಳೀ ಗುರುತು ಮಾತ್ರ ಉಳಿದಿತ್ತು.

ಯಾವ ಮನೆಯಲ್ಲಿ ಇರುವುದಿಲ್ಲ ಅದು? ಹೆಂಗಸರು ಮಲಗುವ ಮುಂಚೆ, ಮುಖ ತೊಳೆಯುವ ಮುಂಚೆ ಹಣೆಯ ಬೊಟ್ಟು ತೆಗೆದು ಕನ್ನಡಿಗೆ ಒತ್ತುತ್ತಾರೆ. ಮಾರನೇ ದಿನ ಅದನ್ನೇ ಮತ್ತೆ ಇಟ್ಟುಕೊಂಡರೆ ಇಟ್ಟುಕೊಂಡರು, ಇಲ್ಲದಿದ್ದರೆ ಅದು ಅಲ್ಲೇ ಉಳಿಯಿತು. ಹಳೇ ಕನ್ನಡಿ ಅಂಗಡಿಗೆ ಬಂದಾಗಲೆಲ್ಲ ಬ್ಲೇಡಿನಿಂದ ನಾನು ಮೊದಲು ಹೆರೆದು ಹಾಕುತ್ತಿದ್ದದ್ದೇ ಇವನ್ನು.

"ಇಟ್ಕೊಂಡೋರು ಹೊರಟುಹೋಗಿರ್ತಾರೆ ಅಂಕಲ್," ಅಂದಳು ಆಕೆ. "ತುಂಬಾ ಜನ ಇರೋದೇ ಇಲ್ಲ ಈಗ. ಆದ್ರೆ ಅವರ ಹಣೆ ಎಷ್ಟು ಎತ್ತರದಲ್ಲಿತ್ತು ಅಂತ ಈ ಕನ್ನಡಿಗೆ ಇನ್ನೂ ಗೊತ್ತು."

ಅದಕ್ಕೇ ಅವಳು ಬೀರುಗಳನ್ನು ಬಿಚ್ಚುವ ಮೊದಲು ಟೇಪು ಹಿಡಿದು, ಪ್ರತಿಯೊಂದು ಕನ್ನಡಿಯ ಕೆಳಗಿನ ಅಂಚು ನೆಲದಿಂದ ಎಷ್ಟು ಮೇಲಿತ್ತು ಎಂದು ಬರೆದಿಟ್ಟುಕೊಂಡಿದ್ದಳು. ಗೋಡೆಯ ಮೇಲೂ ಅಷ್ಟೇ ಎತ್ತರಕ್ಕೆ ಬರಬೇಕು. ಒಂದೊಂದರ ಮೇಲೂ ಒಂದು ಸಣ್ಣ ದೀಪ. ನೋಡಲು ಬಂದವರು ಕತ್ತಲಲ್ಲಿ ಕನ್ನಡಿಯ ಮುಂದೆ ನಿಂತರೆ, ಯಾರದೋ ಬೊಟ್ಟು ತಮ್ಮ ಹಣೆಯ ಮೇಲೆ ಬಂದು ಕೂರುತ್ತದೆ. ಮೊದಲನೆಯದನ್ನು ನೇತುಹಾಕಿ ನಾನೇ ಹಾಗೆ ನಿಂತು ನೋಡಿದೆ. ಮೈ ಜುಮ್ಮೆಂದಿತು. ಸರಿ, ಈ ಹುಡುಗಿ ಬರೀ ಗುಜರಿ ಹಿಡಿದುಕೊಂಡು ಕೂತಿಲ್ಲ ಅನ್ನಿಸಿತು.

ಎರಡನೇ ದಿನ ಮಧ್ಯಾಹ್ನ ಏಳನೇ ಕನ್ನಡಿಗೆ ಕೈ ಹಾಕಿದೆ. ಅವಳು ದೀಪದ ವೈರಿನ ಕೆಲಸದಲ್ಲಿ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದಳು. ಕನ್ನಡಿಯ ಬೆನ್ನಿಗೆ ಬೀರುವಿನದೇ ತಗಡಿನ ಹಾಳೆ ಅಂಟಿಕೊಂಡಿತ್ತು, ತುಕ್ಕು ಹಿಡಿದು ಉದುರುತ್ತಿತ್ತು. ಅದಿದ್ದರೆ ಕ್ಲಿಪ್ಪು ಕೂರುವುದಿಲ್ಲವೆಂದು ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಗಡನ್ನು ಸುಲಿದು ತೆಗೆದೆ. ಒಳಗೆ ಬೂದುಬಣ್ಣದ ಲೇಪದ ಮೇಲೆ ನೀಲಿ ಮಾರ್ಕರಿನಲ್ಲಿ "ಅಕ್ಕ" ಎಂದು ಬರೆದಿತ್ತು.

ಅಕ್ಷರ ನನ್ನದು. ಕನ್ನಡಿ ಕೊಯ್ದ ಮೇಲೆ ಅದು ಯಾರ ಮನೆಗೆ ಹೋಗಬೇಕು ಎಂದು ಬೆನ್ನಮೇಲೆ ಬರೆದಿಡುವುದು ನನ್ನ ಅಭ್ಯಾಸ. ಅಕ್ಕ, ಭಾವ ಹಲಸೂರಿನಲ್ಲೇ ಮನೆ ಬದಲಾಯಿಸಿದಾಗ ಬೀರುವಿನ ಕನ್ನಡಿ ಬಿರುಕು ಬಿಟ್ಟಿತ್ತು. ನಾನೇ ಹೊಸದು ಕೊಯ್ದು ಹಾಕಿ ಕೊಟ್ಟಿದ್ದೆ. ಅಕ್ಕ ತೀರಿಕೊಂಡು ಆಗ ಆರು ವರ್ಷವಾಗಿತ್ತು.

ತಿರುಗಿಸಲು ಧೈರ್ಯ ಸಾಲದೆ ಸ್ವಲ್ಪ ಹೊತ್ತು ಹಾಗೇ ಕುಕ್ಕುರುಗಾಲಿನಲ್ಲಿ ಕೂತಿದ್ದೆ. ಆಮೇಲೆ ತಿರುಗಿಸಿದೆ. ಅದರ ಮೇಲೆ ಬೊಟ್ಟುಗಳು ಎರಡು ಗುಂಪಾಗಿದ್ದವು. ಮೇಲೆ, ನಿಂತ ಹೆಂಗಸಿನ ಹಣೆಯ ಮಟ್ಟಕ್ಕೆ ಒಂದಿಪ್ಪತ್ತು, ಅಡ್ಡಾದಿಡ್ಡಿಯಾಗಿ. ಅದರಿಂದ ಒಂದಡಿಗೂ ಹೆಚ್ಚು ಕೆಳಗೆ ಒಂಬತ್ತು. ಮಧ್ಯೆ ಖಾಲಿ ಗಾಜು. ನಾನು ಕೂತಿದ್ದೆನಲ್ಲ, ಆ ಕೆಳಗಿನ ಒಂಬತ್ತು ಬೊಟ್ಟುಗಳ ಹಿಂದೆ ನನ್ನ ಮುಖ ಕಾಣುತ್ತಿತ್ತು. ಚಿಕ್ಕಂದಿನಿಂದ ಎಲ್ಲರೂ ಹೇಳುತ್ತಿದ್ದ ಮಾತು, ಅಕ್ಕ ತಮ್ಮ ಇಬ್ಬರದೂ ಒಂದೇ ಹಣೆ ಎಂದು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅಲಂಕಾರದಲ್ಲಿ ಮುಂದು. ಹಾಲು ತರಲು ಮೂಲೆಯ ಅಂಗಡಿಗೆ ಹೋಗುವುದಿದ್ದರೂ ಸೀರೆಗೆ ಹೊಂದುವ ಬೊಟ್ಟು ಬೇಕು ಅವಳಿಗೆ. ಮಕ್ಕಳಾಗಲಿಲ್ಲ. ಅದಕ್ಕೆ ನೆಂಟರು, ಬೀದಿಯವರು ಏನೆಲ್ಲ ಅಂದರು, ಯಾವ ಯಾವ ದೇವರಿಗೆ ಹರಕೆ ಹೊರಿಸಿದರು ಎಂಬುದನ್ನು ಬರೆಯಹೊರಟರೆ ಅದೇ ಒಂದು ಪುಸ್ತಕ. ಆಮೇಲೆ ಕ್ಯಾನ್ಸರ್ ಬಂತು. ಮೊದಲ ಸುತ್ತಿನ ಔಷಧಿಗೇ ತಲೆಗೂದಲು ಪೂರ್ತಿ ಹೋಯಿತು. ನಾನು ನೋಡಲು ಹೋದಾಗ ತಲೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡು, ಹಣೆಗೆ ದೊಡ್ಡ ಮೆರೂನ್ ಬೊಟ್ಟು ಇಟ್ಟುಕೊಂಡು ಕೂತಿದ್ದಳು.

"ಹಣೆ ದೊಡ್ಡದಾಯ್ತು ಕಣೋ. ಬೊಟ್ಟಿಗೆ ಜಾಗ ಜಾಸ್ತಿ ಈಗ," ಎಂದು ನಕ್ಕಳು.

ಬರಬರುತ್ತಾ ನಿಲ್ಲುವ ಶಕ್ತಿ ಹೋಯಿತು. ಭಾವ ಬೀರುವಿನ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಅವಳು ಅದರಲ್ಲಿ ಕೂತು ಬೊಟ್ಟು ಇಟ್ಟುಕೊಳ್ಳುತ್ತಿದ್ದಳು. ಒಂದು ಭಾನುವಾರ ಹೋದಾಗ ಅವಳ ಮುಖ ಎಷ್ಟು ಇಳಿದಿತ್ತೆಂದರೆ ನನಗೆ ಎಲ್ಲಿ ನೋಡುವುದೋ ತಿಳಿಯಲಿಲ್ಲ. ಮಂಚಕ್ಕೆ ಎದುರಾಗಿ ಆ ಕನ್ನಡಿ. ದಿನವೆಲ್ಲಾ ಅದರಲ್ಲಿ ತನ್ನನ್ನೇ ನೋಡಿಕೊಂಡು ಬಿದ್ದಿರಬೇಕಲ್ಲ ಎನ್ನಿಸಿ, ಒಳ್ಳೆಯದಕ್ಕೆ ಎಂದುಕೊಂಡೇ ಹೇಳಿದೆ.

"ಅಕ್ಕಾ, ಈ ಕನ್ನಡಿ ಬಿಚ್ಕೊಂಡ್ಹೋಗ್ಲಾ? ವಾಸಿಯಾದ್ಮೇಲೆ ಮತ್ತೆ ಹಾಕ್ಕೊಡ್ತೀನಿ."

ಅವಳು ಕನ್ನಡಿಯಲ್ಲಿಯೇ ನನ್ನ ಕಡೆ ನೋಡಿದಳು. "ನನ್ನ ಮುಖ ನೋಡಕ್ಕೆ ನಿನಗೆ ಭಯಾನೇನೋ?"

ಕಾಫಿ ಕುಡಿದು ಎದ್ದು ಬಂದೆ. ಅದಾದ ಮೇಲೆ ಅವಳಿದ್ದದ್ದು ಐದು ವಾರ. ಕೆಲಸ ಜಾಸ್ತಿ ಎಂದುಕೊಂಡು ನಾನು ಹೋದದ್ದು ಒಂದೇ ಸಲ, ಅದೂ ಅವಳು ನಿದ್ದೆಯಲ್ಲಿದ್ದಾಗ. ನಮ್ಮ ಅಂಗಡಿಯಿಂದ ಅವಳ ಮನೆಗೆ ನಡೆದರೆ ಹತ್ತು ನಿಮಿಷ.

"ಅಂಕಲ್, ಅದು ನನ್ನ ಫೇವರಿಟ್." ಕಲಾವಿದೆ ನನ್ನ ಹಿಂದೆ ಬಂದು ನಿಂತಿದ್ದಳು. ಅಷ್ಟರಲ್ಲಿ ಕನ್ನಡಿಯ ಬೆನ್ನು ಗೋಡೆಯ ಕಡೆಗಿತ್ತು, ನನ್ನ ಬರಹ ಅವಳಿಗೆ ಕಾಣಲಿಲ್ಲ. "ನೋಡಿ, ಮೇಲೆ ಅಮ್ಮ. ಕೆಳಗೆ ಮಗಳು. ಏಳೆಂಟು ವರ್ಷದ ಹುಡುಗಿ ಇರ್ಬೇಕು. ಅಮ್ಮನ ನೋಡ್ಕೊಂಡು ಅವಳೂ ಬೊಟ್ಟು ಅಂಟಿಸಿದ್ದಾಳೆ. ಕ್ಯೂಟ್ ಅಲ್ವಾ?"

ನಾನು "ಹೂಂ" ಎಂದೆ. ಡ್ರಿಲ್ ಕೈಗೆತ್ತಿಕೊಂಡೆ.

ಪ್ರದರ್ಶನ ಶುರುವಾದ ದಿನ ಅವಳು ಬಲವಂತ ಮಾಡಿ ನನ್ನನ್ನೂ ಕರೆಸಿಕೊಂಡಳು. ಪ್ರತಿ ಕನ್ನಡಿಯ ಪಕ್ಕಕ್ಕೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಎರಡೆರಡು ಸಾಲು ಬರೆದು ಅಂಟಿಸಿದ್ದಳು. ಏಳನೆಯದರ ಪಕ್ಕದಲ್ಲಿ ಹೀಗಿತ್ತು: "ಈ ಮನೆಯಲ್ಲಿ ಒಬ್ಬ ತಾಯಿ ಇದ್ದಳು. ಅವಳ ಎದೆಯೆತ್ತರಕ್ಕೆ ಒಬ್ಬ ಮಗಳು." ಜನ ಎಲ್ಲ ಕನ್ನಡಿಗಳಿಗಿಂತ ಇದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಒಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಮುಂದೆ ನಿಲ್ಲಿಸಿ, "ಇಲ್ನೋಡು, ನಿನ್ನಷ್ಟೇ ಇದ್ಲು ಆ ಪಾಪು," ಎಂದಳು. ಮಗು ತುದಿಗಾಲಲ್ಲಿ ನಿಂತು, ಒಂದು ಸಣ್ಣ ಮೆರೂನ್ ಬೊಟ್ಟು ತನ್ನ ಹುಬ್ಬಿನ ನಡುವೆ ಬರುವಂತೆ ಮುಖ ಹೊಂದಿಸಿಕೊಂಡಿತು. ತಾಯಿ ಫೋಟೋ ತೆಗೆದುಕೊಂಡಳು. ನಾನು ಆಚೆ ಬಂದು ಗೇಟಿನ ಹತ್ತಿರ ನಿಂತೆ.

ಆಮೇಲಿನ ದಿನಗಳಲ್ಲಿ ನನಗೆ ಅಂಗಡಿಯಲ್ಲಿ ಕೂರುವುದೇ ಕಷ್ಟವಾಯಿತು. ಸುತ್ತ ಇರುವುದೆಲ್ಲ ಕನ್ನಡಿಯೇ. ನನ್ನ ಕಣ್ಣು ತಾನಾಗಿ ಅವುಗಳ ಕೆಳಗಿನ ಭಾಗಕ್ಕೆ ಹೋಗುತ್ತಿತ್ತು, ಅಲ್ಲಿ ಯಾರೋ ಕುರ್ಚಿ ಹಾಕಿಕೊಂಡು ಕೂತಿದ್ದಾರೆ ಎನ್ನುವಂತೆ. ಗಾಜು ಕೊಯ್ಯುವಾಗ ಬೆನ್ನ ಹಿಂದೆ ಯಾರೋ ಇದ್ದಾರೆನ್ನಿಸಿ ಎರಡು ಸಲ ಗೆರೆ ಸೊಟ್ಟಗಾಗಿ ಒಳ್ಳೆಯ ಹಾಳೆ ಒಡೆಯಿತು. ಎರಡು ದಿನಕ್ಕೊಮ್ಮೆ ಏನಾದರೂ ನೆಪ ಮಾಡಿಕೊಂಡು ಬಂಗಲೆಗೆ ಹೋಗುತ್ತಿದ್ದೆ. ಸ್ಕ್ರೂ ಸಡಿಲವಾಗಿದೆಯಾ ನೋಡ್ತೀನಿ ಎನ್ನುತ್ತಿದ್ದೆ. ಹೋಗಿ ಒಂಬತ್ತೂ ಇವೆಯಾ ಎಂದು ಎಣಿಸಿ ಬರುತ್ತಿದ್ದೆ.

ಕೊನೆಗೆ ಹೆಂಡತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, "ನಿಮ್ಮ ಭಾವಂಗೆ ಹೇಳಿದ್ರಾ?" ಎಂದಳು.

"ಅವರಿಗ್ಯಾಕೆ? ತಿಂಗಳು ತುಂಬೋದ್ರೊಳಗೆ ಬೀರು ಮಾರಿದವರು ಅವರೇ ಅಲ್ವಾ?"

"ಆದ್ರೂ ಅವಳ ಗಂಡ ರೀ ಅವರು. ನೀವೊಬ್ರೇ ಇಟ್ಕೊಳ್ಳೋ ವಿಷಯ ಅಲ್ಲ ಇದು."

ಭಾವನ ಮೇಲೆ ನನಗೆ ಆ ಬೀರುವಿನ ಸಿಟ್ಟು ಹಾಗೇ ಇತ್ತು. ಅಕ್ಕ ಹೋದ ಮೇಲೆ ಅವರು ಹಲಸೂರಿನ ಮನೆ ಬಿಟ್ಟು, ಕೃಷ್ಣರಾಜಪುರದಲ್ಲಿ ಅವರ ತಮ್ಮನ ಮನೆಗೆ ಹೋಗಿದ್ದರು. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಊಟ ಆಯ್ತಾ ಎಂದು ಕೇಳುವುದು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹೋದೆ. ಮನೆ ಮೂರನೇ ಮಹಡಿಯಲ್ಲಿ. ಭುಜ ಎರಡೂ ಕಡೆ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ ಮೆಟ್ಟಿಲು, ಮಧ್ಯೆ ಎರಡು ತಿರುವು. ಭಾವ ಬನಿಯನ್ನಿನಲ್ಲಿ ಪೇಪರ್ ಓದುತ್ತಾ ಕೂತಿದ್ದರು. ನನ್ನನ್ನು ನೋಡಿ ಗಾಬರಿಯಿಂದ ಎದ್ದರು, ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡಿರಬೇಕು. ನಾನು ಕನ್ನಡಿಯ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಶರ್ಟು ಹಾಕಿಕೊಂಡು, "ನಡಿ," ಎಂದರು.

ಬಸ್ಸು ಹಿಡಿದು ಬೆನ್ಸನ್ ಟೌನಿಗೆ ಬಂದೆವು. ಬಂಗಲೆಯ ಕೋಣೆಯೊಳಗೆ ಆಗ ಜನರಿರಲಿಲ್ಲ. ಕಲಾವಿದೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಭಾವ ಬೇರೆ ಯಾವುದನ್ನೂ ನೋಡದೆ, ಯಾರೂ ತೋರಿಸದೆ, ನೇರ ಏಳನೆಯದರ ಮುಂದೆ ಹೋಗಿ ನಿಂತರು. ಬಹಳ ಹೊತ್ತು ನಿಂತಿದ್ದರು. ಮೇಲಿನ ಬೊಟ್ಟುಗಳನ್ನು ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಬಗ್ಗಿದರು.

"ಇವು ನಾನಿಟ್ಟಿದ್ದು," ಎಂದರು.

"ಏನು ಭಾವ?"

"ಈ ಕೆಳಗಡೆ ಸಾಲು. ಕಡೇ ಮೂರು ವಾರ ಅವಳಿಗೆ ಕೈ ಎತ್ತಕ್ಕೂ ಆಗ್ತಿರ್ಲಿಲ್ಲ. ಬೆಳಿಗ್ಗೆ ನಾನೇ ಇಡ್ತಿದ್ದೆ. ನಂಗೇನು ಗೊತ್ತು, ಒಂದು ದಿನ ಸೊಟ್ಟ, ಒಂದು ದಿನ ಮೇಲೆ. ಮಧ್ಯಕ್ಕೆ ಇಡ್ರೀ ಅಂತ ಬೈಯೋಳು. ಸಂಜೆ ತೆಗೆದು ಇಲ್ಲಿ ಅಂಟಿಸ್ತಿದ್ದೆ. ಅವಳ ಕುರ್ಚಿ ಪಕ್ಕದಲ್ಲಿ ನಾನು ಮಂಚದ ತುದೀಲಿ ಕೂತಿರ್ತಿದ್ದೆನಲ್ಲ, ಕೈ ಸಿಗೋದು ಇಷ್ಟೇ ಎತ್ತರಕ್ಕೆ."

ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಬಾಯಿಗೆ ಬಂದೇಬಿಟ್ಟಿತು. "ಹಂಗಿದ್ಮೇಲೆ ಯಾಕೆ ಭಾವ ಮಾರಿದ್ರಿ?"

ಅವರು ಆಶ್ಚರ್ಯದಿಂದ ನನ್ನ ಕಡೆ ನೋಡಿದರು. "ನಮ್ಮ ತಮ್ಮನ ಮನೆ ಮೆಟ್ಲು ನೋಡಿದ್ಯಲ್ಲೋ. ಅಲ್ಲಿ ಬೀರು ತಿರುಗುತ್ತಾ? ನಾಲ್ಕು ಜನ ಎತ್ತಿ ನೋಡಿದ್ರು, ಆಗ್ಲಿಲ್ಲ. ಗುಜರಿಯವನು ಅಲ್ಲೇ ಬ್ಲೇಡು ತೆಗೆದ, ಬೊಟ್ಟು ಕೆರೆಯಕ್ಕೆ. ನನ್ನ ಎದುರಿಗೆ ಬೇಡಪ್ಪಾ, ಏನ್ಮಾಡ್ತೀಯೋ ನಿನ್ನ ಅಂಗಡೀಲಿ ಮಾಡ್ಕೋ ಅಂದೆ. ಪುಣ್ಯಾತ್ಮ, ಮಾಡಿಲ್ಲ."

ಆಮೇಲೆ ಅವರ ಕಣ್ಣು ಪಕ್ಕದ ಬರಹದ ಮೇಲೆ ಬಿತ್ತು. ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. "ಇದೇನಿದು, ಮಗಳು?"

ನಾನು ಮೆಲ್ಲಗೆ ಹೇಳಿದೆ. "ಎತ್ತರ ನೋಡಿ ಆ ಹುಡುಗಿ ಹಂಗಂದ್ಕೊಂಡಿದ್ದಾಳೆ ಭಾವ. ನಾನೂ ಏನೂ ಹೇಳ್ಲಿಲ್ಲ. ಜನ ಪ್ರೀತಿಯಿಂದ ನೋಡ್ತಿದ್ದಾರೆ. ಅಕ್ಕಂಗೆ ಒಂದು ಮಗಳಿದ್ದಂಗೆ ಆಯ್ತು, ಇರ್ಲಿ ಬಿಡಿ."

ಭಾವನಿಗೆ ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ದನಿ ಏರಲಿಲ್ಲ. ಮುಖ ಮಾತ್ರ ಗಟ್ಟಿಯಾಯಿತು.

"ಬದುಕಿದ್ದಾಗ ಪೂರ್ತಿ ಅವಳಿಗೆ ಮಗು ಇಲ್ಲ ಮಗು ಇಲ್ಲ ಅಂತ ಜನ ಅಂದ್ರು. ಸತ್ತ ಮೇಲೂ ಮಗು ಇದ್ರೇನೇ ಅವಳು ನೋಡೋ ಹಂಗಿರೋದಾ? ಅಲ್ಲಿ ಯಾವ ಮಗುನೂ ಇರ್ಲಿಲ್ಲ. ಮೇಲಿರೋದೂ ಅವಳೇ, ಕೆಳಗಿರೋದೂ ಅವಳೇ. ಕರಿ ಆ ಹುಡುಗೀನ."

ಕರೆಯಬೇಕಾಗಿರಲಿಲ್ಲ. ಅವಳು ನಮ್ಮ ಮಾತು ಕೇಳಿ ಆಗಲೇ ಎದ್ದು ಬಂದಿದ್ದಳು. ನಾನು ಕ್ಲಿಪ್ಪು ಸಡಿಲಿಸಿ ಕನ್ನಡಿಯ ಬೆನ್ನಿನ ಮೇಲಿನ ಅಕ್ಷರ ತೋರಿಸಿದೆ. ಎಲ್ಲವನ್ನೂ ಹೇಳಿದೆ, ಕುರ್ಚಿಯ ವಿಷಯವನ್ನೂ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. "ಸಾರಿ ಅಂಕಲ್. ನಂಗೆ ಗೊತ್ತಾಗ್ಲಿಲ್ಲ. ತುಂಬಾ ಸಾರಿ. ಈಗ್ಲೇ ತೆಗೆದುಕೊಡ್ತೀನಿ, ನಿಮ್ಮದು ಇದು."

"ತೆಗೀಬೇಡಮ್ಮಾ," ಎಂದರು ಭಾವ. ಈಗ ಅವರ ದನಿ ಇಳಿದಿತ್ತು. "ನೋಡ್ಲಿ ಜನ. ಅವಳಿಗೆ ಯಾರಾದ್ರೂ ನೋಡಿದ್ರೆ ಖುಷೀನೇ. ಇದ್ದಿದ್ದನ್ನ ಬರಿ ಅಷ್ಟೇ."

"ಏನಂತ ಬರೀಲಿ?"

ಭಾವ ಯೋಚಿಸಿ ಒಂದೊಂದೇ ಸಾಲು ಹೇಳಿದರು. ಅವಳು ಅಲ್ಲೇ ಮೊಬೈಲಿನಲ್ಲಿ ಬರೆದುಕೊಂಡಳು. ಸಂಜೆಯೊಳಗೆ ಹೊಸ ಹಾಳೆ ಬಂತು: "ಇದು ಒಬ್ಬಳೇ ಹೆಂಗಸಿನ ಕನ್ನಡಿ. ಮೇಲಿನವು ಅವಳು ನಿಲ್ಲುತ್ತಿದ್ದಾಗ. ಕೆಳಗಿನವು ಅವಳು ಕೂತ ಮೇಲೆ." ಅವುಗಳನ್ನು ಗಂಡ ಇಟ್ಟದ್ದೆಂದೂ ಬರೆಯಲೇ ಎಂದು ಅವಳು ಕೇಳಿದ್ದಳು. "ನಂದು ಬೇಡ," ಎಂದಿದ್ದರು ಭಾವ.

ಅವತ್ತು ಕಮ್ಮನಹಳ್ಳಿಯ ಒಂದು ಹೋಟೆಲಿನಲ್ಲಿ ಇಬ್ಬರೂ ಕೂತು ಊಟ ಮಾಡಿದೆವು. ಮೊಸರನ್ನ ಕಲಸುತ್ತಿದ್ದಾಗ ಧೈರ್ಯ ಮಾಡಿ ಕೇಳಿದೆ, ಕೊನೆಯಲ್ಲಿ ನಾನು ಬರಲಿಲ್ಲವೆಂದು ಅಕ್ಕ ಬೇಜಾರು ಮಾಡಿಕೊಂಡಿದ್ದಳಾ ಎಂದು. ಇಲ್ಲಪ್ಪಾ ಎನ್ನುತ್ತಾರೆ ಎಂದುಕೊಂಡಿದ್ದೆ.

"ಮಾಡ್ಕೊಂಡಿದ್ಲು," ಎಂದರು. "ಸುಳ್ಳು ಯಾಕೆ ಹೇಳ್ಲಿ? ಬೊಟ್ಟು ಇಡುವಾಗ ದಿನಾ ಕೇಳೋಳು, ಇವತ್ತು ಅವನು ಬರ್ತಾನಾ ಅಂತ. ಬರ್ತಾನೆ ಅಂತಿದ್ದೆ." ನನ್ನ ತಟ್ಟೆಯ ಕಡೆ ನೋಡಿ, "ಉಣ್ಣು, ಉಣ್ಣು," ಎಂದರು.

ಪ್ರದರ್ಶನ ಇನ್ನೂ ಹನ್ನೆರಡು ದಿನ ನಡೆಯಿತು. ಹೊಸ ಬರಹ ಬಂದ ಮೇಲೆ ಏಳನೇ ಕನ್ನಡಿಯ ಮುಂದೆ ಫೋಟೋ ತೆಗೆದುಕೊಳ್ಳುವವರು ಕಡಿಮೆಯಾದರು. ಕೆಲವರು ಓದಿ ಬೇಗ ಮುಂದೆ ಹೋಗುತ್ತಿದ್ದರು. ಒಬ್ಬ ವಯಸ್ಸಾದ ಹೆಂಗಸು ಓದಿದ ಮೇಲೆ, ಸೊಂಟ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ ಆ ಒಂಬತ್ತರಲ್ಲಿ ತನ್ನ ಮುಖ ನೋಡಿಕೊಂಡದ್ದನ್ನು ನಾನೇ ನೋಡಿದೆ. ಕಲಾವಿದೆ ಅದರ ಮುಂದೆ ಕುರ್ಚಿ ಇಡಬಹುದಾ ಎಂದು ಒಮ್ಮೆ ನನ್ನನ್ನು ಕೇಳಿದಳು. ಬೇಡಮ್ಮಾ ಎಂದೆ. ಅವಳು ಇಡಲಿಲ್ಲ.

ಕೊನೆಯ ದಿನ ಕನ್ನಡಿಗಳನ್ನು ಇಳಿಸಿದವನೂ ನಾನೇ. ಅಕ್ಕನದನ್ನು ಕೊಟ್ಟುಬಿಡುತ್ತೇನೆಂದು ಅವಳು ಮತ್ತೆ ಹೇಳಿದಳು. ಭಾವನಿಗೆ ಫೋನು ಮಾಡಿದೆ. "ಇಲ್ಲಿ ಎಲ್ಲಿಡ್ಲಿ? ತಮ್ಮನ ಮಕ್ಕಳು ಕಿತ್ತು ಹಾಕ್ತಾರೆ. ನಿನ್ ಮನೇಲಿಟ್ಕೊ," ಎಂದರು. "ನಮ್ಮನೇಲಾ ಭಾವ..." ಎಂದು ರಾಗ ಎಳೆದೆ. ಅವರಿಗೆ ಅರ್ಥವಾಯಿತು. "ಹೋಗ್ಲಿ ಬಿಡು, ಆ ಹುಡುಗಿ ಹತ್ರಾನೇ ಇರ್ಲಿ," ಎಂದರು. ಹೀಗೆ ಎರಡನೇ ಸಲವೂ ನಾನು ಅದರಿಂದ ತಪ್ಪಿಸಿಕೊಂಡೆ. ಬೊಟ್ಟುಗಳಿಗೆ ತಾಗದಂತೆ ಅಂಚಿಗೆ ದಪ್ಪ ಥರ್ಮೋಕೋಲ್ ಪಟ್ಟಿ ಕೊಟ್ಟು, ಮೇಲೆ ರಟ್ಟು ಹೊದಿಸಿ, ಬೇರೆ ಎಲ್ಲಕ್ಕಿಂತ ಜೋಪಾನವಾಗಿ ಅದನ್ನು ಕಟ್ಟಿಕೊಟ್ಟೆ. ಬೇರೆ ಊರಿನಲ್ಲಿ ತೋರಿಸಲು ಅವಳು ಎಲ್ಲವನ್ನೂ ಲಾರಿಯಲ್ಲಿ ಕಳಿಸಿದಳು. ಬಂಗಲೆ ಈಗಿಲ್ಲ.

ಆಗಿನಿಂದ ಭಾವ ತಿಂಗಳಿಗೊಮ್ಮೆಯಾದರೂ ಅಂಗಡಿಗೆ ಬರುತ್ತಾರೆ. ಟೀ ಕುಡಿಯುತ್ತೇವೆ. ಮಳೆ, ಮೆಟ್ರೋ, ಮಂಡಿನೋವು ಎಂದು ಏನೇನೋ ಮಾತಾಡುತ್ತೇವೆ. ಹಿಂದಿನ ವಾರ ಬಂದವರು ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಆ ಕನ್ನಡಿ ಈಗೆಲ್ಲಿದೆಯೋ?" ಎಂದು ಕೇಳಿದರು. ನಾನು ಅವರ ಎದುರಿಗೇ ಕಲಾವಿದೆಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ಗೋಡೌನಲ್ಲಿದೆ ಅಂಕಲ್. ಆ ಶೋ ಮುಂದಕ್ಕೆ ಹೋಯ್ತು. ನೀವು ಪ್ಯಾಕ್ ಮಾಡಿದ್ದು ಹಾಗೇ ಇದೆ, ಬಿಚ್ಚಿಲ್ಲ."

"ಬೊಟ್ಟು ಅವೆಯಾ ಕೇಳು," ಎಂದರು ಭಾವ.

ಅವಳಿಗೆ ಕೇಳಿಸಿತು. "ಬಿಚ್ಚಿದ್ರೇನೇ ಗೊತ್ತಾಗೋದು ಅಂಕಲ್," ಎಂದಳು.

ಭಾವ ತಲೆಯಾಡಿಸಿದರು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿನ ಕಡೆ ನಡೆದರು.